ಟವೆಲ್ಲಿನ ಹೊರಗಿದ್ದ ಭೂಮಿ

ಚಿಕ್ಕಂದಿನ ಬೇಸಿಗೆಯೆಂದರೆ ನಿಮಗೆ ಮಾವಿನಕಾಯಿ, ಉಪ್ಪುಖಾರ ನೆನಪಾಗಬಹುದು. ನನಗೂ ಆಗುತ್ತವೆ, ಜೊತೆಗೆ ಸುಟ್ಟ ಕಾಗದದ ವಾಸನೆಯೂ ಬರುತ್ತದೆ.

ಬೈಲಹೊಂಗಲದ ನಮ್ಮ ಓಣಿಯ ರಜಮಾ, ಎತ್ತಿನ ದಲ್ಲಾಳಿಯ ಮಗಳು, ಆ ರಜೆಯಲ್ಲಿ ನೂರು ಪುಟದ ನೋಟ್‌ಬುಕ್ಕಿನ ತುಂಬ ಕಾದಂಬರಿ ಬರೆದಳು. ಆಕಾಶದ ಹಡಗುಗಳಲ್ಲೇ ಹುಟ್ಟಿ, ನಕ್ಷತ್ರದಿಂದ ನಕ್ಷತ್ರಕ್ಕೆ ಶೇಂಗಾ, ಮೆಣಸಿನಕಾಯಿ ಸಾಗಿಸುವ ವ್ಯಾಪಾರಿಗಳ ಕಥೆ. ಭೂಮಿ ಅವರಿಗೆ ಹುಕುಂ ಕಳಿಸುತ್ತದೆ. ಅವರಾಡುವ ಪ್ರತಿ ಮಾತನ್ನೂ ಯಂತ್ರವಿಟ್ಟು ಕೇಳುತ್ತದೆ. ಅದಕ್ಕೇ ಅವರು ಸ್ವಾತಂತ್ರ್ಯದ ಸಂಚನ್ನು ಮಾತಿಲ್ಲದೆ ಹೂಡುತ್ತಾರೆ. ದನದ ಪೇಟೆಯಲ್ಲಿ ಅವಳಪ್ಪ ಎತ್ತಿನ ದರ ಕುದುರಿಸುವಂತೆ, ಟವೆಲ್ಲಿನ ಕೆಳಗೆ ಕೈಹಿಡಿದು, ಬೆರಳು ಅದುಮಿ. ಟವೆಲ್ ಝಾಡಿಸಿದರೆ ವ್ಯಾಪಾರ ಮುರಿದಂತೆ.

ದಿನಾ ಮಧ್ಯಾಹ್ನ ಬೇವಿನ ಕೆಳಗೆ ಒಂದು ಅಧ್ಯಾಯ ಓದಿ, ಅದನ್ನೇ ನಮ್ಮಿಂದ ಆಡಿಸುತ್ತಿದ್ದಳು. ಉಳಿದವರ ಕೈಗಳೆಲ್ಲ ಟವೆಲ್ಲಿನೊಳಗೆ. ನಾನು ಹೊರಗೆ.

"ನಾ ಯಾವಾಗ ವ್ಯಾಪಾರಿ ಆಗೂದಲೇ?"

"ನೀ ಭೂಮಿ, ಗಿರಿಜಿ. ನಿಮಗ ಸಂಪಗಾಂವದಾಗ ಹೊಲಾ ಐತಿ. ನಮಗೇನೈತಿ, ಬರೇ ಬೆರಳು!"

ಎಲ್ಲರೂ ನಕ್ಕರು.

ಕೊನೆಯ ಅಧ್ಯಾಯ ಬರೆದು ಮುಗಿಸಿದ ದಿನ ನೋಟ್‌ಬುಕ್ ನನ್ನ ಕೈಗಿಟ್ಟಳು. "ನಮ್ಮ ತಮ್ಮ ಹಾಳಿ ಹರದು ಗಾಳಿಪಟಾ ಮಾಡತಾನ. ನಿಮ್ಮ ಟ್ರಂಕಿನ್ಯಾಗ ಇಡು. ಕಡೀ ಅಧ್ಯಾಯ ಓದಬ್ಯಾಡ ಮತ್ತ. ನಾಳಿ ಎಲ್ಲಾರ ಮುಂದ ಓದತೇನಿ."

ಆ ತಮ್ಮನೇ ಹರಿದ ಎಂದು ಇಷ್ಟು ವರ್ಷ ಉಳಿದವರಿಗೆ ಹೇಳುತ್ತ ಬಂದಿದ್ದೇನೆ. ಸುಳ್ಳು. ಮರುದಿನ ಬೆಳಿಗ್ಗೆ ನೀರೊಲೆಯ ಮುಂದೆ ಕುಳಿತು ಒಂದೊಂದೇ ಹಾಳೆ ಹಾಕಿದೆ. ಕೊನೆಯ ಅಧ್ಯಾಯವನ್ನು ಓದಲೂ ಇಲ್ಲ.

"ಇವತ್ತ ನೀರು ಲಗೂನ ಕಾದಾವಲ್ಲ" ಎಂದಳು ಅವ್ವ. ಆ ನೀರಿನಲ್ಲೇ ಸ್ನಾನ ಮಾಡಿದೆ.

ರಜಮಾ ಬಂದು ಕೈಚಾಚಿದಳು. "ಎಲ್ಲೈತಿ?"

"ಸುಟ್ಟೇನಿ. ಭೂಮಿ ಗೆದ್ದೈತಿ."

ಅಳಲಿಲ್ಲ. ಹೆಗಲ ಮೇಲಿನ ಟವೆಲ್ ತೆಗೆದು ನನ್ನ ಕೈಮೇಲೆ ಹೊದಿಸಿ, ಮೊದಲ ಸಲ ಒಳಗೆ ತನ್ನ ಕೈ ಕೊಟ್ಟಳು. ಒಂದು ಬೆರಳನ್ನೂ ಅದುಮಲಿಲ್ಲ. ಆಮೇಲೆ ಟವೆಲ್ ಝಾಡಿಸಿ ಹೋದಳು.

'ಕೊನೆಯ ಅಧ್ಯಾಯದಲ್ಲಿ ಭೂಮಿಯನ್ನೂ ಟವೆಲ್ಲಿನೊಳಗೆ ಕರೆದಿದ್ದೆ' ಎಂದು ಅವಳು ಹೇಳಿದಳೆಂದು ಇಲ್ಲಿ ಬರೆಯಬಹುದು, ಚೆನ್ನಾಗಿರುತ್ತದೆ. ಅವಳು ಏನೂ ಹೇಳಲಿಲ್ಲ.

ಈಗ ಪೇಟೆಯಲ್ಲಿ ಎತ್ತುಗಳೇ ಕಡಿಮೆ. ದರವನ್ನು ಮೊಬೈಲಿನಲ್ಲಿ ಕೂಗಿ ಹೇಳುತ್ತಾರೆ. ಸಂಪಗಾಂವದ ಹೊಲವೂ ನಮ್ಮ ಕೈಬಿಟ್ಟಿತು. ಆ ಹಡಗುಗಳಿಗೆ ಬಿಡುಗಡೆಯಾಯಿತೋ ಇಲ್ಲವೋ, ರಜಮಾ ಒಬ್ಬಳಿಗೇ ಗೊತ್ತು. ಮೊನ್ನೆ ಬಸ್‌ಸ್ಟ್ಯಾಂಡಿನಲ್ಲಿ ಎದುರಾದಾಗ ಕೇಳಿಯೇಬಿಟ್ಟೆ.

ಕೈಚೀಲವನ್ನು ಇನ್ನೊಂದು ಕೈಗೆ ದಾಟಿಸುತ್ತ ಅವಳೆಂದಳು:

"ಯಾವ ಹಡಗ ರೀ, ಅಕ್ಕಾರ?"