ರಂಗೂನಿನ ಲೈಸೆನ್ಸು

ಬಿಸಿ ಬನ್ನಿನ ವಾಸನೆಯ ಜೊತೆ ಪೆಟ್ರೋಲಿನ ವಾಸನೆ ಬೆರೆತು ಬಂದರೆ ಈಗಲೂ ನನ್ನ ಬೆನ್ನು ತಾನಾಗಿಯೇ ನೆಟ್ಟಗಾಗುತ್ತದೆ. ಎಂಬತ್ತು ದಾಟಿದ ಬೆನ್ನು, ಡಾಕ್ಟರು ಹೇಳಿದರೂ ಕೇಳದ್ದು. ಮೊನ್ನೆ ಬೆಳಿಗ್ಗೆ ಹಾಗೆಯೇ ಆಯಿತು. ಸಿ.ವಿ. ರಾಮನ್ ನಗರದ ನಮ್ಮ ಮನೆಯ ಮಹಡಿಯಲ್ಲಿ ಶಿಲ್ಪಾ ಎಂಬ ಹುಡುಗಿ ಬಾಡಿಗೆಗಿದ್ದಾಳೆ. ಆಸ್ಪತ್ರೆಯಲ್ಲಿ ನರ್ಸು. ಅವಳು ತನ್ನ ಮೋಟಾರ್ ಸೈಕಲನ್ನು ಗೇಟಿನೊಳಗೆ ತಂದು ನಿಲ್ಲಿಸಿ, ಹ್ಯಾಂಡಲ್ಲಿಗೆ ತೂಗುಹಾಕಿದ್ದ ಬೇಕರಿಯ ಪೊಟ್ಟಣವನ್ನು ನನ್ನ ಕೈಗೆ ಕೊಟ್ಟು, ಮೆಟ್ಟಿಲ ಮೇಲೆ ಧೊಪ್ಪೆಂದು ಕುಳಿತಳು. ಮುಂದಿನ ತಿಂಗಳು ಅವಳು ಐರ್ಲೆಂಡಿಗೆ ಹೊರಟಿದ್ದಾಳೆ. ಕೆಲಸ ಸಿಕ್ಕಿದೆ, ವೀಸಾ ಬಂದಿದೆ. ಆದರೂ ಮುಖ ಊದಿಕೊಂಡಿತ್ತು.

"ನೋಡಿ ತಾತ, ಒಂಬತ್ತು ವರ್ಷದಿಂದ ಗಾಡಿ ಓಡಿಸ್ತಿದೀನಿ. ನಮ್ಮ ಲೈಸೆನ್ಸ್ ಅಲ್ಲಿ ಸ್ವಲ್ಪ ದಿನ ಮಾತ್ರ ನಡಿಯತ್ತಂತೆ. ಅಲ್ಲೇ ಇರೋದಾದ್ರೆ ಮತ್ತೆ ಮೊದಲಿಂದ ಪರೀಕ್ಷೆ, ಮತ್ತೆ ಎಲ್ ಬೋರ್ಡು. ನಾನೇನು ನಿನ್ನೆ ಮೊನ್ನೆ ಕಲಿತೋಳಾ?"

ಆ ಕೊನೆಯ ಮಾತನ್ನು ನಾನು ಹಿಂದೊಮ್ಮೆ, ಶಿವಾಜಿನಗರದ ಒಂದು ಬೇಕರಿಯ ಹಿತ್ತಲಿನಲ್ಲಿ, ಇದೇ ಎರಡು ವಾಸನೆಗಳ ನಡುವೆ ನಿಂತು ಕೇಳಿದ್ದೆ. ಬನ್ನು ಆರುವುದರೊಳಗೆ ನಿಮಗೂ ಅದನ್ನು ಹೇಳಿಬಿಡುತ್ತೇನೆ. ಆದರೆ ಅದಕ್ಕೂ ಮೊದಲು ನನ್ನ ಸ್ವಂತ ಲೈಸೆನ್ಸಿನ ವಿಷಯ ಹೇಳಬೇಕು, ಮುಚ್ಚಿಟ್ಟು ಪ್ರಯೋಜನವಿಲ್ಲ.

ಅರವತ್ತರ ದಶಕದ ನಡುವಿನ ಮಾತು. ಹಲಸೂರಿನಲ್ಲಿ ಒಂದು ಕೋಣೆ ಹಿಡಿದುಕೊಂಡು ನಾನು ವಿಮಾ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದೆ. ಬರುವ ಏಪ್ರಿಲ್‌ನಲ್ಲಿ ಊರೂರು ತಿರುಗುವ ಹುದ್ದೆಯೊಂದು ಖಾಲಿಯಾಗುತ್ತದೆ, ಕಚೇರಿಯೇ ಮೋಟಾರ್ ಸೈಕಲ್ ಕೊಡುತ್ತದೆ, ಆದರೆ ಲೈಸೆನ್ಸ್ ಇರಬೇಕು ಎಂದು ಸುದ್ದಿ ಬಂತು. ಗೆಳೆಯನೊಬ್ಬನ ಗಾಡಿಯನ್ನು ಎರಡು ಭಾನುವಾರ ಎರವಲು ಪಡೆದು ಪರೀಕ್ಷೆಗೆ ಹೋದೆ. ಮೊದಲನೆಯ ಗೇರಿನಲ್ಲಿ ಹೊರಟವನು ಎರಡನೆಯದಕ್ಕೆ ಹಾಕಲು ಧೈರ್ಯ ಸಾಲದೆ ಅದರಲ್ಲೇ ಗುರುಗುಟ್ಟುತ್ತಾ ಮೈದಾನ ಸುತ್ತಿ ಬಂದೆ. ಪರೀಕ್ಷಕರು ನನ್ನ ಹೆದರಿಕೆಯನ್ನು ಎಚ್ಚರಿಕೆಯೆಂದು ತಿಳಿದುಕೊಂಡರು. "ನೋಡ್ರಯ್ಯಾ, ಹೀಗೆ ನಿಧಾನವಾಗಿ ಓಡಿಸ್ಬೇಕು" ಎಂದು ಸಾಲಿನಲ್ಲಿದ್ದವರಿಗೆಲ್ಲ ನನ್ನನ್ನು ತೋರಿಸಿದರು. ಹೀಗೆ ನನ್ನ ಹತ್ತಿರ ಲೈಸೆನ್ಸು ಇತ್ತು, ಗಾಡಿ ಇರಲಿಲ್ಲ, ಓಡಿಸಲು ಬರುತ್ತಲೂ ಇರಲಿಲ್ಲ. ಏಪ್ರಿಲ್ ಎಂದರೆ ಎದೆ ಧಸಕ್ಕೆನ್ನುತ್ತಿತ್ತು.

ಇಂಥ ದಿನಗಳಲ್ಲಿ ಒಂದು ಬೆಳಿಗ್ಗೆ ಹಲಸೂರು ಕೆರೆಯ ಪಕ್ಕದಲ್ಲಿ ಬಸ್ಸಿಗೆ ನಡೆಯುತ್ತಿದ್ದಾಗ ಪೊಲೀಸಿನವರೊಬ್ಬರು ನನ್ನನ್ನು ಕರೆದರು. "ಸ್ವಾಮಿ, ಇಲ್ಲಿ ಬನ್ನಿ. ಓದಿದೋರ ಥರ ಕಾಣ್ತೀರಿ. ಇದೇನು ಬರ್ದಿದೆ ನೋಡಿ." ಅವರ ಕೈಯಲ್ಲೊಂದು ಸಣ್ಣ ಪುಸ್ತಕ, ಪಕ್ಕದಲ್ಲಿ ಸೈಡ್‌ಕಾರಿನ ಜಾಗದಲ್ಲಿ ಮರದ ಪೆಟ್ಟಿಗೆ ಕಟ್ಟಿದ್ದ ಹಳೆಯ ಮಿಲಿಟರಿ ಮೋಟಾರ್ ಸೈಕಲ್, ಅದರ ಮೇಲೆ ನಲವತ್ತರ ಆಸುಪಾಸಿನ ತೆಳ್ಳಗಿನ ಒಬ್ಬ ಮನುಷ್ಯ. ಪುಸ್ತಕದ ತುಂಬ ದುಂಡು ದುಂಡು ಅಕ್ಷರ. "ನಮ್ಮ ಕನ್ನಡದ ಥರಾನೇ ಇದೆ, ಆದ್ರೆ ಒಂದಕ್ಷರಾನೂ ಬಾಯಿಗೆ ಬರ್ತಿಲ್ಲ" ಎಂದು ಪೊಲೀಸಿನವರು ತಮ್ಮ ಕಣ್ಣನ್ನೇ ಅನುಮಾನಿಸುತ್ತಿದ್ದರು. ನಾನೂ ಕನ್ನಡಕ ಒರೆಸಿಕೊಂಡು ನೋಡಿದೆ. ಬಾಯಿಗೆ ಬರಲಿಲ್ಲ.

"ಬರ್ಮಾ ಭಾಷೆ ಸಾರ್" ಎಂದ ಗಾಡಿಯ ಮೇಲಿನ ಮನುಷ್ಯ. "ರಂಗೂನ್ ಲೈಸೆನ್ಸು. ಹದಿನೆಂಟು ವರ್ಷದ್ದು."

ಪೊಲೀಸಿನವರು ಒಳ್ಳೆಯವರು. ರಂಗೂನಿನವರೆಗೆ ತಮ್ಮ ಅಧಿಕಾರ ಇಲ್ಲವೆಂದೂ, ಇಲ್ಲಿಯ ಕಾಗದ ಮಾಡಿಸಿಕೊಂಡ ಮೇಲೆಯೇ ಗಾಡಿ ಹತ್ತಬೇಕೆಂದೂ ಹೇಳಿ ಬಿಟ್ಟುಬಿಟ್ಟರು. ಆ ಮನುಷ್ಯ ಗಾಡಿಯಿಂದಿಳಿದು ಶಿವಾಜಿನಗರದವರೆಗೆ ಅದನ್ನು ತಳ್ಳಿಕೊಂಡು ಹೊರಟ. ಬಸ್ಸು ತಪ್ಪಿಹೋಗಿದ್ದರಿಂದ ನಾನೂ ಪೆಟ್ಟಿಗೆಗೆ ಕೈಹಚ್ಚಿ ತಳ್ಳಿದೆ. ದಾರಿಯಲ್ಲಿ ಅವನ ಕಥೆ ತಿಳಿಯಿತು.

ಹೆಸರು ದೊರೈಕಣ್ಣು. ಹುಟ್ಟಿದ್ದು ಹಲಸೂರಿನಲ್ಲೇ. ಹತ್ತು ವರ್ಷದವನಿದ್ದಾಗ ಚಿಕ್ಕಪ್ಪನ ಜೊತೆ ರಂಗೂನಿಗೆ ಹೋದವನು. ಅಲ್ಲಿ ಎರಡು ಸಿನಿಮಾ ಟಾಕೀಸುಗಳು ಒಂದೇ ಫಿಲ್ಮನ್ನು ಹಂಚಿಕೊಂಡು ತೋರಿಸುತ್ತಿದ್ದವಂತೆ. ಇಲ್ಲಿ ಒಂದು ರೀಲು ಮುಗಿಯುತ್ತಲೇ ಡಬ್ಬಿಗೆ ಹಾಕಿ ಮೋಟಾರ್ ಸೈಕಲಿನಲ್ಲಿ ಇನ್ನೊಂದಕ್ಕೆ ಮುಟ್ಟಿಸಬೇಕು. ಐದು ನಿಮಿಷ ತಡವಾದರೆ ಜನ ಕುರ್ಚಿ ಮುರಿಯುತ್ತಾರೆ. ಹದಿನೆಂಟು ವರ್ಷ ಅವನು ಮಾಡಿದ್ದು ಈ ಕೆಲಸ. ಆಮೇಲೆ ಅಲ್ಲಿಯ ಸರ್ಕಾರ ಬದಲಾಗಿ, ನಮ್ಮವರೆಲ್ಲ ಹಡಗು ಹತ್ತಬೇಕಾಗಿ ಬಂತು. ಮನೆ, ಸಾಮಾನು ಎಲ್ಲ ಅಲ್ಲೇ. ಅಂಗಿಯ ಜೇಬಿನಲ್ಲಿದ್ದ ಲೈಸೆನ್ಸನ್ನು ಮಾತ್ರ ಯಾರೂ ಕೇಳಲಿಲ್ಲ. ಈಗ ಅವನು ಹಲಸೂರಿನ ಅಕ್ಕನ ಮನೆಯಲ್ಲಿ, ಹೆಂಡತಿ ಮಗಳು ಆಂಬೂರಿನಲ್ಲಿ ಯಾರದೋ ಜಗಲಿಯಲ್ಲಿ. ಶಿವಾಜಿನಗರದ ಬೇಕರಿಯೊಂದರ ಗಾಡಿಯಲ್ಲಿ ಬ್ರೆಡ್ಡು ಮುಟ್ಟಿಸುವ ಈ ಕೆಲಸ ಗಟ್ಟಿಯಾದರೆ ಅಲ್ಲಿಯ ಹಿತ್ತಲಿನ ಕೋಣೆಯೂ ಸಿಗುತ್ತದೆ. ಕೋಣೆ ಸಿಕ್ಕರೆ ಅವರನ್ನು ಕರೆಸಿಕೊಳ್ಳಬಹುದು. ಅದು ಬಿಟ್ಟರೆ ಅವನಿಗೆ ಬೇರೆ ದಾರಿ ಇರಲಿಲ್ಲ.

ಬೇಕರಿಯ ಗಫೂರ್ ಸಾಹೇಬರದು ದೊಡ್ಡ ಹೊಟ್ಟೆ, ಅಷ್ಟೇ ದೊಡ್ಡ ಮನಸ್ಸು. ಆದರೆ ವ್ಯಾಪಾರದ ವಿಷಯದಲ್ಲಿ ಖಡಾಖಡಿ. ಕೆ.ಆರ್. ಪುರದ ಕಡೆಯ ಕಾರ್ಖಾನೆಗಳ ಕ್ಯಾಂಟೀನಿಗೆ ಬೆಳಗಿನ ಚಹಾದ ಹೊತ್ತಿಗೆ ಅವರ ಬ್ರೆಡ್ಡು ತಲುಪಬೇಕಿತ್ತು. "ದೇಖೋ ಭಾಯ್, ಪೊಲೀಸ್ನೋರು ಹಿಡಿದ್ರೆ ನನ್ ಬ್ರೆಡ್ಡು ಸ್ಟೇಷನ್ನಲ್ಲೇ ಟೀ ಜೊತೆ ಖತಂ ಆಗತ್ತೆ. ರಂಜಾನ್ ಶುರುವಾಗೋದ್ರೊಳಗೆ ಇಲ್ಲಿನ್ ಕಾಗದ ತಗೊಂಡ್ ಬಾ. ಇಲ್ದಿದ್ರೆ ಬೇರೆಯೋರ್ನ ನೋಡ್ಬೇಕಾಗತ್ತೆ, ನಾನೇನ್ ಮಾಡ್ಲಿ" ಎಂದರು. ಎಲ್ ಎಂದು ಕೆಂಪು ಬಣ್ಣದಲ್ಲಿ ಬರೆದ ತಗಡೊಂದನ್ನು ಅವರೇ ಮಾಡಿಸಿಟ್ಟಿದ್ದರು.

ದೊರೈಕಣ್ಣು ಆ ತಗಡನ್ನು ನೋಡಿದ. ಬನ್ನಿನ ತಟ್ಟೆಗಳ ಪಕ್ಕದಲ್ಲಿ ಅದನ್ನು ಬೋರಲಾಗಿ ಇಟ್ಟ.

"ನಾನೇನು ನಿನ್ನೆ ಮೊನ್ನೆ ಕಲಿತೋನಾ ತಂಬಿ?" ಎಂದು ನನ್ನನ್ನು ಕೇಳಿದ. "ಇದನ್ನ ಕಟ್ಕೊಂಡು ಹೋದ್ರೆ ರಂಗೂನಲ್ಲಿ ನಾನು ಇರ್ಲೇ ಇಲ್ಲ ಅಂತ ನಾನೇ ಹೇಳ್ದಂಗೆ ಆಗತ್ತೆ. ಮನೇನ ಅಲ್ಲಿ ಸರ್ಕಾರದೋರು ತಗೊಂಡ್ರು. ಈ ಲೈಸೆನ್ಸನ್ನ ನಾನ್ಯಾಕೆ ಕೊಡ್ಲಿ?"

ಇಪ್ಪತ್ಮೂರು ವರ್ಷದ ನನಗೆ ಅದು ಬರೀ ಹಟವಾಗಿ ಕಂಡಿತು. ಹೆಂಡತಿ ಮಗಳು ಜಗಲಿಯಲ್ಲಿರುವಾಗ ಒಂದು ತಗಡಿಗೆ ಇಷ್ಟು ರಂಪವೇಕೆ ಎಂದುಕೊಂಡೆ. ನನ್ನ ಜೇಬಿನಲ್ಲಿದ್ದ, ಓಡಿಸಲು ಬಾರದ ಲೈಸೆನ್ಸು ನನ್ನನ್ನು ಚುಚ್ಚಿದ್ದೂ ನಿಜ. ಸಾಹೇಬರು ತರಿಸಿಟ್ಟಿದ್ದ ಅರ್ಜಿಯನ್ನು ಮಡಚಿ ಜೇಬಿಗಿಟ್ಟುಕೊಂಡು ಬಂದೆ.

ಅರ್ಜಿಯೆಂದರೆ ನನ್ನ ಕಸುಬು. ವಿಮಾ ಗುಮಾಸ್ತನಿಗೆ ದೇವರು ಬೇರೇನೂ ಕೊಡದಿದ್ದರೂ ಫಾರಂ ಓದುವ ತಾಳ್ಮೆ ಕೊಟ್ಟಿರುತ್ತಾನೆ. ಜನ ಹೆಸರಿನಿಂದ ಶುರುಮಾಡಿ ಕೆಳಗೆ ಬರುವಷ್ಟರಲ್ಲಿ ಸುಸ್ತಾಗಿ, ಹಿಂಬದಿಯನ್ನು ತಿರುಗಿಸಿಯೂ ನೋಡುವುದಿಲ್ಲ. ನಾವು ಹಿಂಬದಿಯಿಂದಲೇ ಶುರುಮಾಡುವವರು. ಯಾವಾಗ ಕಾಯಿಲೆ ಬಿದ್ದಿದ್ದಿರಿ, ಅಪ್ಪ ಯಾವುದರಿಂದ ತೀರಿಕೊಂಡರು, ಎಲ್ಲ ಅಲ್ಲಿರುತ್ತದೆ. ಈ ಅರ್ಜಿಯ ಹಿಂಬದಿಯಲ್ಲೂ ಕೊನೆಗೊಂದು ಕಾಲಮ್ ಇತ್ತು: ಅರ್ಜಿದಾರನು ಈ ಹಿಂದೆ ಎಂದಾದರೂ, ಎಲ್ಲಾದರೂ ಲೈಸೆನ್ಸು ಹೊಂದಿದ್ದರೆ ಅದರ ವಿವರ.

ಮರುದಿನ ಮಸಿ ತುಂಬಿಸಿದ ಪೆನ್ನಿನೊಂದಿಗೆ ಬೇಕರಿಗೆ ಹೋಗಿ, ಮುಂಬದಿಯನ್ನು ಹಾಗೇ ಖಾಲಿ ಬಿಟ್ಟು, ಹಾಳೆಯನ್ನು ತಿರುಗಿಸಿ ಅವನ ಮುಂದಿಟ್ಟೆ. "ಅಣ್ಣಾ, ಇವ್ರೇ ಕೇಳಿದಾರೆ. ಹೇಳಿ, ಬರ್ಕೋತೀನಿ."

ದೊರೈಕಣ್ಣು ಆ ಸಾಲಿನ ಮೇಲೆ ಬೆರಳಾಡಿಸಿದ. ಇಂಗ್ಲಿಷ್ ಅವನಿಗೆ ಅಷ್ಟಕ್ಕಷ್ಟೆ. "ನಿಜವಾಗ್ಲೂ ಕೇಳಿದಾರಾ?" ಎಂದು ಎರಡು ಸಲ ವಿಚಾರಿಸಿದ. ಆಮೇಲೆ ಕೈಗಂಟಿದ್ದ ಮೈದಾ ಒರೆಸಿಕೊಂಡು ಹೇಳತೊಡಗಿದ. "ರಂಗೂನು. ಹದಿನೆಂಟು ವರ್ಷ. ಒಂದ್ ದಿನಾನೂ ಲೇಟಿಲ್ಲ."

"ಲೇಟಿನ ವಿಷಯ ಬರೆಯೋಕೆ ಜಾಗ ಇಲ್ಲಣ್ಣಾ."

"ಸಣ್ಣಕ್ಷರದಲ್ಲಿ ಬರಿ."

ಸಣ್ಣಕ್ಷರದಲ್ಲಿ ಬರೆದೆ. ಆಮೇಲೆ ಹಾಳೆ ತಿರುಗಿಸಿ ಹೆಸರು, ವಿಳಾಸ ತುಂಬಿಸಿದೆವು. ಅವನು ಸಹಿ ಹಾಕಿದ. ಬೋರಲು ಬಿದ್ದಿದ್ದ ತಗಡನ್ನು ತಾನೇ ಎತ್ತಿ ಗಾಡಿಯ ಮುಂದೆ ಕಟ್ಟಿದ.

ಇಷ್ಟಕ್ಕೆ ಮುಗಿಯಲಿಲ್ಲ. ಎಲ್ ಕಟ್ಟಿಕೊಂಡವನ ಹಿಂದೆ ಲೈಸೆನ್ಸ್ ಇರುವ ಒಬ್ಬರು ಕೂತಿರಲೇಬೇಕೆಂದು ಗಫೂರ್ ಸಾಹೇಬರು ಪಟ್ಟುಹಿಡಿದರು. ಮೋಟಾರ್ ಸೈಕಲಿಗೂ ಆ ಕಾನೂನು ಇತ್ತೋ ಇಲ್ಲವೋ ನಾನು ಇವತ್ತಿಗೂ ವಿಚಾರಿಸಿಲ್ಲ. ಸುತ್ತಮುತ್ತ ಲೈಸೆನ್ಸ್ ಇದ್ದವನು ನಾನೊಬ್ಬನೇ. ಹಾಗಾಗಿ ಮರುದಿನ ಬೆಳಗಿನ ಜಾವದಿಂದ, ಹದಿನೆಂಟು ವರ್ಷ ರಂಗೂನಿನ ಬಸ್ಸುಗಳ ನಡುವೆ ನುಗ್ಗಿದ ಮನುಷ್ಯನ ಹಿಂದೆ, ಎರಡನೆಯ ಗೇರಿನ ಮುಖ ನೋಡದ ನಾನು ಗುರುವಾಗಿ ಕುಳಿತೆ. ಬೆನ್ನು ನೆಟ್ಟಗೆ, ಮುಖ ಗಂಭೀರ, ಪಕ್ಕದ ಪೆಟ್ಟಿಗೆಯಲ್ಲಿ ಬಿಸಿ ಬ್ರೆಡ್ಡು. ಮೊದಲ ದಿನವೇ ಹಲಸೂರು ದಾಟುವುದರೊಳಗೆ ಅವನಿಗೆ ವಿಷಯ ತಿಳಿದುಹೋಯಿತು.

"ತಂಬಿ, ತಿರುವಲ್ಲಿ ಕಣ್ಮುಚ್ಕೋತೀಯಲ್ಲ. ಗಾಡಿ ಓಡ್ಸೋರು ಯಾರೂ ಕಣ್ಮುಚ್ಚಲ್ಲ."

ಒಪ್ಪಿಕೊಂಡುಬಿಟ್ಟೆ. ಅವನು ನಗಲಿಲ್ಲ. ಬ್ರೆಡ್ಡು ಇಳಿಸಿ ವಾಪಸು ಬರುವಾಗ, ಆಗಿನ್ನೂ ಹೊಲವೇ ಹೆಚ್ಚಾಗಿದ್ದ ಇಂದಿರಾನಗರದ ಕಡೆಯ ಮಣ್ಣುರಸ್ತೆಯಲ್ಲಿ ಗಾಡಿ ನಿಲ್ಲಿಸಿ ನನ್ನನ್ನು ಮುಂದೆ ಕೂರಿಸಿದ. ಸೈಡ್‌ಕಾರು ಇರುವ ಗಾಡಿಗೆ ಒಂದು ಗುಣವಿದೆ, ಅದು ಬೀಳುವುದಿಲ್ಲ. ಒಂದು ದುರ್ಗುಣವೂ ಇದೆ, ವೇಗ ಹೆಚ್ಚಿಸಿದರೆ ಎಡಕ್ಕೆ ಎಳೆಯುತ್ತದೆ. ಎಡಕ್ಕೆ ಯಾರದೋ ರಾಗಿ ಹೊಲವಿತ್ತು. ಆ ಹೊಲದ ಅಂಚನ್ನು ನಾನು ಎಷ್ಟು ಸಲ ಉತ್ತಿರುವೆನೆಂದರೆ, ಹೊಲದ ಯಜಮಾನರು ನನ್ನನ್ನು ನೋಡಿದ ಕೂಡಲೇ ಎಮ್ಮೆಯನ್ನು ಹಿಡಿದುಕೊಂಡು ನಿಲ್ಲುತ್ತಿದ್ದರು. ದೊರೈಕಣ್ಣು ಮಾತ್ರ ದನಿ ಎತ್ತಲಿಲ್ಲ. "ಅದು ಎಳೀತದೆ, ಎಳೀಲಿ. ನೀನು ಹೋಗೋ ಕಡೆ ನೋಡ್ತಾ ಇರು" ಎಂದಷ್ಟೇ ಹೇಳುತ್ತಿದ್ದ. ಒಂದು ಬೆಳಿಗ್ಗೆ ನನಗೇ ತಿಳಿಯದಂತೆ ಎರಡನೆಯ ಗೇರಿಗೆ ಬಿದ್ದಿದ್ದೆ. ಆ ಸಂತೋಷಕ್ಕೆ ಇಬ್ಬರೂ ಎರಡೆರಡು ಬನ್ನು ತಿಂದೆವು.

ರಂಜಾನಿಗೆ ಎಂಟು ದಿನ ಇರುವಾಗ ಪರೀಕ್ಷೆ. ಅದೇ ಮೈದಾನ, ಅದೇ ಪರೀಕ್ಷಕರು. ಅವರು ಅರ್ಜಿಯನ್ನು ತಿರುಗಿಸಿ ಸಣ್ಣಕ್ಷರಗಳ ಹತ್ತಿರ ನಿಂತರು. "ಒಂದ್ ದಿನಾನೂ ಲೇಟಿಲ್ಲ. ಏನ್ರೀ ಇದು?"

ದೊರೈಕಣ್ಣು ರೀಲಿನ ಡಬ್ಬಿಗಳ ವಿಷಯ ಹೇಳಿದ. ಕನ್ನಡ ತಮಿಳು ಒಂದರಮೇಲೊಂದು ಬಿದ್ದವು. ದುಂಡಕ್ಷರದ ಪುಸ್ತಕವನ್ನು ಮುಂದೆ ಚಾಚಿದ. ಅವರು ಅದನ್ನು ಬೇಗ ವಾಪಸು ಕೊಡಲಿಲ್ಲ, ಒಂದೊಂದೇ ಪುಟ ತಿರುಗಿಸಿ ಹದಿನೆಂಟು ಮುದ್ರೆಗಳನ್ನು ನೋಡಿದರು. "ಈ ನೆಲದಲ್ಲಿ ಎಂಟು ಹಾಕಿ ತೋರಿಸಿ" ಎಂದರು. ಅವನು ಹಾಕಿದ. ಪೆಟ್ಟಿಗೆಯ ಚಕ್ರ ಸುಣ್ಣದ ಗೆರೆಯನ್ನು ಒಮ್ಮೆಯೂ ಮುಟ್ಟಲಿಲ್ಲ. ಸಾಲಿನಲ್ಲಿದ್ದವರು ಬೀಡಿ ಸೇದುವುದನ್ನು ಮರೆತು ನೋಡಿದರು.

"ಕಲಿಸಿದೋರು ಯಾರು?"

"ಇವ್ರೇ ಸಾರ್" ಎಂದು ದೊರೈಕಣ್ಣು ನನ್ನ ಕಡೆ ಕೈ ಮಾಡಿದ. ಆ ಮನುಷ್ಯನಿಗೆ ತುಂಟತನವೂ ಇತ್ತೆಂದು ನನಗೆ ಗೊತ್ತಾದದ್ದು ಆಗಲೇ.

"ಓ, ನೀವಾ, ನಿಧಾನದವರು" ಎಂದು ಪರೀಕ್ಷಕರು ಗುರುತು ಹಿಡಿದರು. "ಹಾಗಾದ್ರೆ ಗಾಡೀನ ಆ ಮರದ ಹತ್ರ ನಿಲ್ಸಿ ಬನ್ನಿ. ಮುಂದಿನೋರು ಬರ್ಬೇಕು."

ಗಾಡಿ ಹತ್ತಿದೆ. "ಹೋಗೋ ಕಡೆ ನೋಡು" ಎಂದು ಹಿಂದಿನಿಂದ ಮೆಲ್ಲಗೆ ಕೇಳಿಸಿತು. ಮರ ನೋಡಿದೆ. ಎರಡನೆಯ ಗೇರಿನಲ್ಲಿ ಹೋಗಿ ನಿಲ್ಲಿಸಿದೆ. ಆ ದಿನ ಅಲ್ಲಿ ಪರೀಕ್ಷೆ ಪಾಸಾದವರು ಇಬ್ಬರು, ಆದರೆ ಕಾಗದ ಸಿಕ್ಕಿದ್ದು ಒಬ್ಬನಿಗೆ. ಹೊಸ ಲೈಸೆನ್ಸನ್ನು ಅವನು ಹಳೆಯದರ ಜೊತೆ ಅದೇ ಜೇಬಿಗಿಟ್ಟುಕೊಂಡು, ಮೇಲೆ ಅಂಗೈಯಿಂದ ಒಮ್ಮೆ ಒತ್ತಿಕೊಂಡ.

ರಂಜಾನಿನ ಎರಡನೆಯ ವಾರ ಹಿತ್ತಲಿನ ಕೋಣೆ ಅವನ ಕೈಗೆ ಬಂತು. ಪೆಟ್ಟಿಗೆ ತೊಳೆದು, ಒಳಗೆ ಹೊಸ ಚಾಪೆ ಹಾಸಿ ಇಬ್ಬರೂ ಕಂಟೋನ್ಮೆಂಟ್ ಸ್ಟೇಷನ್ನಿಗೆ ಹೋದೆವು. ಹೇಳಿದ ಸಮಯಕ್ಕೆ ಕಾಲು ಗಂಟೆ ಮುಂಚೆ ದೊರೈಕಣ್ಣು ಅಲ್ಲಿದ್ದ. ರೈಲೇ ತಡವಾಗಿ ಬಂತು. ಎಂಟು ವರ್ಷದ ಮಗಳು ಪೆಟ್ಟಿಗೆಯಲ್ಲಿ ಕುಳಿತು ಮೂಗರಳಿಸಿ, "ಅಪ್ಪಾ, ಮನೆ ಬನ್ನಿನ ವಾಸನೆ ಬರತ್ತಾ?" ಎಂದು ತಮಿಳಿನಲ್ಲಿ ಕೇಳಿದಳು. ತಾಯಿ ಅವಳ ತಲೆ ಸವರುತ್ತಾ ಅಳುತ್ತಿದ್ದಳು, ನಗುತ್ತಲೂ ಇದ್ದಳು. ಹಿಂದಿನ ಸೀಟು ಆಕೆಗೆ ಸೇರಿತು. ಗುರುವಿನ ಹುದ್ದೆ ಅಂದಿಗೆ ಮುಗಿದು, ನಾನು ನಡೆದುಕೊಂಡು ಬಂದೆ.

ಏಪ್ರಿಲ್‌ನಲ್ಲಿ ಆ ಹುದ್ದೆ ನನಗೇ ಬಂತು. ಎಪ್ಪತ್ತರ ದಶಕ ಮುಗಿಯುವವರೆಗೂ ಹೊಸಕೋಟೆ, ಕೆ.ಆರ್. ಪುರ, ಹೊರಮಾವು ಎಂದು ತಿರುಗಿದೆ. ಕಚೇರಿಯ ಗಾಡಿಗೆ ಸೈಡ್‌ಕಾರು ಇರಲಿಲ್ಲ, ಬಿದ್ದೆ ಕೂಡ, ಆದರೆ ಹೋಗುವ ಕಡೆ ನೋಡುವುದನ್ನು ಬಿಡಲಿಲ್ಲ. ಈ ಕಥೆಯನ್ನು ಇಷ್ಟು ವರ್ಷ ಎಲ್ಲರಿಗೂ ತಮಾಷೆಯಾಗಿಯೇ ಹೇಳಿಕೊಂಡು ಬಂದಿದ್ದೇನೆ: ಓಡಿಸಲು ಬಾರದ ಗುರು, ಎಲ್ ಬೋರ್ಡಿನ ಪಂಡಿತ. ಮೊನ್ನೆ ಶಿಲ್ಪಾಳ ಊದಿದ ಮುಖ ನೋಡಿದಾಗಲೇ ನನಗೆ ತಿಳಿದದ್ದು, ದೊರೈಕಣ್ಣುವಿನದು ಹಟವಾಗಿರಲಿಲ್ಲ. ಹೊಸದಾಗಿ ಕಲಿಯಲು ಅವನಿಗೆ ಬೇಸರವಿರಲಿಲ್ಲ. ಕಲಿತದ್ದನ್ನು ಯಾರಾದರೊಬ್ಬರು ಕೇಳಲಿ ಎಂದಷ್ಟೇ ಅವನು ಕಾಯುತ್ತಿದ್ದ. ಅದನ್ನು ತಿಳಿಯಲು ನನಗೆ ಇಷ್ಟು ವರ್ಷ ಹಿಡಿಯಿತಲ್ಲ ಎಂದು ನಾಚಿಕೆಯಾಯಿತು.

"ಅಲ್ಲೀ ಲೈಸೆನ್ಸಿನ ಫಾರಂ ಇದ್ಯೇನಮ್ಮಾ?" ಎಂದು ಶಿಲ್ಪಾಳನ್ನು ಕೇಳಿದೆ. ಅವಳು ಫೋನಿನಲ್ಲಿ ತೋರಿಸಿದಳು. ಮೊದಲ ಪುಟದಲ್ಲಿ ಹೆಸರು ಕೇಳಿತ್ತು.

"ಅದನ್ನ ಬಿಡು. ಕೊನೆಗೆ ಹೋಗು, ಇನ್ನೂ ಕೆಳಗೆ."

ಬೆರಳಿನಲ್ಲಿ ಸರಿಸುತ್ತಾ ಹೋದವಳು ಒಂದು ಕಡೆ ನಿಂತಳು. "ಬೇರೆ ದೇಶದ ಲೈಸೆನ್ಸ್ ಇದ್ಯಾ ಅಂತ ಕೇಳಿದಾರೆ ತಾತ. ಎಲ್ಲೀದು, ಯಾವಾಗಿಂದ ಅಂತ."

ಬನ್ನಿನ ಪೊಟ್ಟಣವನ್ನು ಪಕ್ಕಕ್ಕಿಟ್ಟು, ಕನ್ನಡಕ ಹಾಕಿಕೊಂಡು ನಾನೂ ಅವಳ ಪಕ್ಕದಲ್ಲಿ ಮೆಟ್ಟಿಲ ಮೇಲೆ ಕುಳಿತೆ.

"ಮೊದಲು ಅದನ್ನ ತುಂಬು" ಎಂದೆ. "ಹೆಸರು ಆಮೇಲೆ ಬರೆಯೋಣ."