ನಿನ್ನ ಕುರಿ ಅಡ್ಡ ಬರಲಿಲ್ಲ

ಕರಿಯಣ್ಣ, ಅವತ್ತು ನಿನ್ನ ಕುರಿ ನನ್ನ ಟೆಂಪೋಗೆ ಅಡ್ಡ ಬರಲಿಲ್ಲ. ನಾನು ಸುಳ್ಳು ಹೇಳಿದೆ. ಆ ಸುಳ್ಳನ್ನು ಊರು ನಂಬಿತು, ಗೌರಕ್ಕ ನಂಬಿದಳು, ಕೊನೆಗೆ — ಇದನ್ನು ಹೇಗೆ ಬರೆಯಲಿ — ನೀನೂ ನಂಬಿಬಿಟ್ಟೆ.

ಐ.ಡಿ.ಹಳ್ಳಿಯಿಂದ ಮಧುಗಿರಿಗೆ ಜನರನ್ನು ಕೂರಿಸಿಕೊಂಡು ಹೋಗುತ್ತಿದ್ದ ಟೆಂಪೋ ಅದು. ಹಳೆಯ ಗಾಡಿ, ವರ್ಷ ವರ್ಷ ಎಫ್.ಸಿ. ಮಾಡಿಸಬೇಕು — ರಸ್ತೆಗೆ ಯೋಗ್ಯವೆಂದು ಅಧಿಕಾರಿ ನೋಡಿ ಒಪ್ಪಬೇಕು. ನನ್ನ ಟಯರುಗಳು ಸವೆದು ಬೋಳಾಗಿದ್ದವು. ಸಿರಾದ ಗೆಳೆಯನ ಗಾಡಿಯಿಂದ ಒಳ್ಳೆಯವನ್ನು ಬಿಚ್ಚಿ ತಂದು ಹಾಕಿದೆ. ಅಧಿಕಾರಿ ಬಗ್ಗಿ, ಮುಟ್ಟಿ ನೋಡಿಯೇ ಪಾಸು ಮಾಡಿದರು, ಅವರದೇನೂ ತಪ್ಪಿಲ್ಲ. ಸಂಜೆಗೆ ಹಳೆಯ ಟಯರುಗಳನ್ನೇ ಮತ್ತೆ ಹಾಕಿದೆ. ಅಧಿಕಾರಿಯ ಕಣ್ಣು ದಾಟಿದರೆ ಆಯಿತು ಎಂದುಕೊಂಡಿದ್ದೆ. ಟಯರು ನೋಡದೆ, ನಮ್ಮನ್ನು ನಂಬಿ ಹತ್ತಿ ಕೂರುವವರಿಗಾಗಿ ಆ ತಪಾಸಣೆ ಇರುವುದು — ಇಷ್ಟು ತಿಳಿಯಲು ಗೌರಕ್ಕನ ಕಾಲು ಮುರಿಯಬೇಕಾಯಿತು.

ಅಂದು ಬೆಳಿಗ್ಗೆ ತುಂತುರು ಮಳೆ. ಕೆರೆ ಏರಿಯ ಇಳಿಜಾರಿನ ತಿರುವಿನಲ್ಲಿ ಬ್ರೇಕ್ ತುಳಿದೆ. ಗಾಡಿ ನಿಲ್ಲಲಿಲ್ಲ — ಜಾರಿ ಹಳ್ಳಕ್ಕೆ ಮಗುಚಿತು. ಅಂಗನವಾಡಿಯಲ್ಲಿ ಅಡುಗೆ ಮಾಡುತ್ತಿದ್ದ ಗೌರಕ್ಕ ಸೀಟಿನಡಿ ಸಿಕ್ಕಿಕೊಂಡು ಕೂಗುತ್ತಿದ್ದಳು.

"ಏನಾಯ್ತಲಾ?" ಓಡಿಬಂದವರು ಕೇಳಿದರು. ನೀನು ರಸ್ತೆಯಾಚೆ ಮಂದೆಯ ನಡುವೆ ನಿಂತಿದ್ದೆ. ನನ್ನ ಕಣ್ಣು ನಿನ್ನ ಮೇಲೆ ಬಿತ್ತು.

"ಕುರಿ ಅಡ್ಡ ಬಂದ್ಬುಟ್ವು" ಎಂದೆ.

"ನನ್ ಕುರಿ ರೋಡಿಗೇ ಬಂದಿಲ್ವಲ್ಲಪ್ಪ" ಎಂದೆ ನೀನು. ಯಾರೋ ಗದರಿದರು. ನೀನು ಮಂದೆಯ ಕಡೆ ತಿರುಗಿ ಕುರಿ ಎಣಿಸತೊಡಗಿದೆ.

ಆಮೇಲೆ ನೀನು ಗೌರಕ್ಕನ ಮನೆಗೆ ದಿನವೂ ನಿನ್ನ ಮಂದೆಯ ಮೇಕೆ ಹಾಲು ಕೊಟ್ಟು ಬರತೊಡಗಿದೆ. ಅವಳು ಕುಂಟುತ್ತಾ ಎದುರಾದರೆ ತಲೆ ತಗ್ಗಿಸಿದೆ. ಮಂದೆ ಮಾರಿ ಕೂಲಿಗೆ ಹೋದೆ. ಒಂದು ದಿನ ನನ್ನ ಬಳಿಯೇ ಬಂದು ಕೈ ಹಿಡಿದೆ: "ನಾನೇ ಒಂದ್ ಗಳಿಗೆ ಮೈಮರ್ತಿದ್ನೇನೋ ಕಣಪ್ಪ. ನಿನ್ ಗಾಡೀನೂ ಹಾಳ್ ಮಾಡ್ಬುಟ್ಟೆ. ಮನ್ಸಲ್ಲಿ ಇಟ್ಕೋಬ್ಯಾಡ."

ಆಗಲಾದರೂ ಬಾಯಿ ಬಿಡಬಹುದಿತ್ತು. ನಾನು — "ಆಗ್ಲಿ ಬುಡಣ್ಣ" ಎಂದೆ. ನಿನ್ನನ್ನು ಕ್ಷಮಿಸಿದೆ! ನಾನು, ನಿನ್ನನ್ನು...

ಅಲ್ಲಿಂದೀಚೆಗೆ ಸವೆದ ಟಯರಿನಲ್ಲಿ ಗಾಡಿ ತೆಗೆದವನಲ್ಲ. ತಿಂಗಳಿಗೊಮ್ಮೆ ನಾನೇ ಕೆಳಗೆ ಮಲಗಿ ಬ್ರೇಕು, ಟಯರು ಎಲ್ಲ ನೋಡುತ್ತೇನೆ. ಅದರಿಂದ ನಿನಗೇನು ಬಂತು?

ಇವತ್ತು ಬೆಳಿಗ್ಗೆ ಗೌರಕ್ಕನಿಗೆ ಎಲ್ಲ ಹೇಳಿದೆ. ಅವಳು ಅಂದಳು: "ನನ್ ಕಾಲಿನ್ ಮಾತು ಆಮ್ಯಾಲೆ. ಆ ಮನುಷ್ಯ ಇಷ್ಟ್ ವರ್ಷ ಹೆಂಗ್ ಬದುಕ್ದ ಅಂತ ನೋಡಿದ್ದೀಯೇನ್ಲಾ? ಮೊದ್ಲು ಅವನ್ ತಾವ ಹೋಗು."

ಬರುತ್ತಿದ್ದೇನೆ, ಕರಿಯಣ್ಣ. ನಿನಗೊಬ್ಬನಿಗೇ ಹೇಳಿದರೆ ಸಾಲದು. ಊರವರೆಲ್ಲ ಸೇರುವ ಟೀ ಅಂಗಡಿಯ ಮುಂದೆ ನಿಂತು ಹೇಳುತ್ತೇನೆ. ನೀನು ಬೈದರೂ, ಹೊಡೆದರೂ, ಮಾತೇ ಆಡದೆ ಎದ್ದು ಹೋದರೂ — ಅದು ನಿನಗೆ ಬಿಟ್ಟದ್ದು. ಕ್ಷಮಿಸು ಎಂದು ನಾನು ಕೇಳುವುದಿಲ್ಲ.