ಎರಡು ಹೊಳೆಯ ನೀರುನಾಯಿಗಳು

ಮರವಂತೆಯಲ್ಲಿ ನಮ್ಮ ಮನೆಯ ಹಿಂದೆ ಸೌಪರ್ಣಿಕೆ ಹೊಳೆ, ರಸ್ತೆ ದಾಟಿದರೆ ಕಡಲು. ಬೆಳಗಿನ ಮಂಜಿನಲ್ಲಿ ಎರಡೂ ಒಂದೇ ಬಣ್ಣ. ಚಾ ಲೋಟ ಹಿಡಿದು ಹೊಳೆಬದಿಯಲ್ಲಿ ಕುಳಿತರೆ ಎದ್ದಿದ್ದೇನೋ, ಇನ್ನೂ ಮಲಗಿದ್ದೇನೋ ನನಗೇ ತಿಳಿಯುತ್ತಿರಲಿಲ್ಲ. ಆ ಹೊತ್ತಿಗೇ ನೀರುನಾಯಿಗಳು ಬರುತ್ತಿದ್ದವು. ಮೊದಲು ಸಿಳ್ಳೆಯಂಥ ದನಿ, ಆಮೇಲೆ ಐದು ಒದ್ದೆ ತಲೆಗಳು. ಒಂದಕ್ಕೆ ಬಾಲ ಅರ್ಧವೇ ಇತ್ತು. ಬಲೆ ಹರಿಯುತ್ತವೆಂದು ನಮ್ಮ ಮನೆಯವರು ಬೈಯುತ್ತಿದ್ದರು. ಹೆತ್ತವರಿಗೆ ಹೆಗ್ಗಣ ಮುದ್ದು. ನನಗೆ ಅವು ನಮ್ಮವು.

ಹಟ್ಟಿಯಂಗಡಿಗೆ ಕೊಟ್ಟ ನನ್ನ ಅಕ್ಕನಿಗೂ ಇದೇ ಹುಚ್ಚು. ಅವಳ ಮನೆ ವಾರಾಹಿ ಹೊಳೆಯ ಬದಿಗೆ. "ನಮ್ಮಲ್ಲೂ ಐದ್ ಇತ್ತ್ ಮಾರಾಯ್ತಿ, ನಿಮ್ದಕ್ಕಿಂತ ದಪ್ಪ," ಎಂದು ಫೋನಿನಲ್ಲಿ ಜಂಬ ಕೊಚ್ಚುವಳು. ಚಿಕ್ಕಂದಿನಲ್ಲಿ ಅಬ್ಬಲಿಗೆ ಹೂವಿನ ದಂಡೆಗೆ ಕಿತ್ತಾಡಿದ ಹಾಗೆಯೇ ಕಿತ್ತಾಡಿದೆವು. ಜಂಬದ ನಡುವೆ ಬಾಲದ ಮಾತೇ ಬರಲಿಲ್ಲ. ನೀರುನಾಯಿ ಎಣಿಸುವವರು ಬಂದು ಕೇಳಿದಾಗ, ಎರಡೂ ಕಡೆ ಸೇರಿ ಹತ್ತು ಎಂದು ಹೇಳಿ ಚಾ ಕೊಟ್ಟು ಕಳಿಸಿದ್ದೆ.

ಕಳೆದ ಮಳೆಗಾಲ ಮುಗಿದ ಮೇಲೆ ನಮ್ಮ ಹೊಳೆಬದಿಗೆ ಉದ್ದಕ್ಕೂ ಕಲ್ಲಿನ ತಡೆಗೋಡೆ ಕಟ್ಟಿದರು. ಅವು ಬರುವುದು ನಿಂತಿತು. ಚಾ ಆರಿ ತಣ್ಣಗಾಗುವವರೆಗೆ ಕಾದು ಒಳಗೆ ಬರುತ್ತಿದ್ದೆ. ಸಿಳ್ಳೆ ನಿದ್ದೆಯಲ್ಲಿ ಮಾತ್ರ ಕೇಳುತ್ತಿತ್ತು. ಸತ್ತೇ ಹೋದವು ಎಂದುಕೊಂಡು ಅತ್ತೆ. ಅಕ್ಕನಿಗೆ ಹೇಳಲು ಹೊಟ್ಟೆಕಿಚ್ಚು ಬಿಡಲಿಲ್ಲ.

ಒಂದು ದಿನ ಅವಳೇ ವಿಡಿಯೋ ಕಳಿಸಿದಳು. ವಾರಾಹಿಯ ಮರಳಿನ ಮೇಲೆ ಐದು ನೀರುನಾಯಿ ಹೊರಳಾಡುತ್ತಿದ್ದವು. ಒಂದರ ಬಾಲ ಅರ್ಧ! ನಾನು ಅಡುಗೆಮನೆಯಲ್ಲೇ ಕುಣಿದುಬಿಟ್ಟೆ. ಎರಡು ಹೊಳೆಯೂ ಗಂಗೊಳ್ಳಿಯ ಅಳಿವೆಯಲ್ಲಿ ಸೇರಿ ಕಡಲಿಗೆ ಹೋಗುತ್ತವಲ್ಲ, ಆ ದಾರಿಯಲ್ಲೇ ಓಡಾಡುತ್ತಿದ್ದವು ಕಳ್ಳರು. ಕೂಡಲೇ ಫೋನ್ ಮಾಡಿದೆ.

"ಅಕ್ಕಾ, ಅದ್ ನಮ್ದೇ. ಬಾಲ ಕಾಣ್!"

"ಎಂತ ಹೇಳ್ತೆ ಹೆಣೆ, ಅದ್ ಶುರುವಿಂದ್ಲೂ ಇಲ್ಲೇ ಇತ್ತ್."

ಆಮೇಲೆ ಅವಳೇ ಲೆಕ್ಕ ಹಾಕಿ, "ಹಂಗಾರೆ ಒಟ್ಟ್ ಐದೇಯಾ?" ಎಂದಳು.

ಎಣಿಸುವವರಿಗೆ ಹತ್ತು ಎಂದು ಹೇಳಿದ್ದು ಆಗ ನೆನಪಾಯಿತು. ಅವು ಸಿಕ್ಕಿದ ಸಂತೋಷದಲ್ಲಿ ಆ ಲೆಕ್ಕವನ್ನೇ ಮರೆತಿದ್ದೆ.

ಈಗ ದಿನಾ ಬೆಳಿಗ್ಗೆ ಮಂಜಿನಲ್ಲಿ ಕುಳಿತು ಅಕ್ಕನಿಗೆ ಫೋನ್ ಮಾಡುತ್ತೇನೆ. ಅವಳು "ಬಂದಿತ್" ಎಂದರೆ ಆ ದಿನವಿಡೀ ನಿಶ್ಚಿಂತೆ. ಒಮ್ಮೊಮ್ಮೆ ನಾನು ಬಾಯಿ ತೆರೆಯುವ ಮೊದಲೇ ಅವಳು ಕೇಳುತ್ತಾಳೆ, "ಅಲ್ ಬಂದಿತಾ?"